ಬಸ್ ಬರುವುದರೊಳಗೆ ಊರು ಬರೆಯುವವರು

ಮಂಡ್ಯ ಜಿಲ್ಲೆಯ ಯಾವುದೇ ಪೇಟೆ ಬೀದಿಗೆ ಒಬ್ಬ ಆಸಾಮಿ ಹೆಗಲಿಗೆ ಚೀಲ ಹಾಕಿಕೊಂಡು ಬಂದು, ಅಂಗಡಿ ಸಾಲಿನ ಎದುರು ನಿಂತು, ಪ್ಯಾಡು ತೆಗೆದು ಪೆನ್ಸಿಲ್ ಹಿಡಿದ ಅನ್ನಿ. ಐದು ನಿಮಿಷದೊಳಗೆ ಸುತ್ತಲೂ ಹತ್ತು ಜನ. "ಯಾವ ಡಿಪಾರ್ಟ್‌ಮೆಂಟ್ ಸಾರ್?" ಎಂಬುದು ಮೊದಲನೇ ಪ್ರಶ್ನೆ. "ರೋಡು ಎಷ್ಟಡಿ ಅಗಲ ಆಯ್ತದೆ? ನಮ್ಮಂಗ್ಡಿ ಉಳೀತದಾ ಹೋಯ್ತದಾ?" ಎಂಬುದು ಎರಡನೆಯದು. "ಇಲ್ಲ ಕಣಣ್ಣ, ಸುಮ್ನೆ ಚಿತ್ರ ಬರೀತಿವ್ನಿ" ಎಂದರೆ ನಂಬುವವರು ಕಡಿಮೆ. ಬಿಸಿಲಲ್ಲಿ ನಿಂತು ಸುಮ್ಮಸುಮ್ಮನೆ ಯಾರಾದರೂ ಅಂಗಡಿ ಬಾಗಿಲು ಬರೆಯುತ್ತಾರೆಯೇ!

ಬರೆಯುತ್ತಾರೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಮಾರುಕಟ್ಟೆ, ಹಳೇ ಕಟ್ಟಡ, ಮರದ ನೆರಳು ಹುಡುಕಿಕೊಂಡು ಹೋಗಿ ಕೂತು ಬರೆಯುವ ಗುಂಪುಗಳೇ ಇವೆ. ಅವರಲ್ಲಿ ಆರ್ಟ್ ಸ್ಕೂಲಿನ ಹುಡುಗರಿದ್ದಾರೆ, ರಿಟೈರಾದ ಗುಮಾಸ್ತರಿದ್ದಾರೆ, ಕಂಪ್ಯೂಟರ್ ಕಂಪನಿಯವರಿದ್ದಾರೆ, ಮನೆವಾರ್ತೆ ಮುಗಿಸಿ ಬರುವ ಗೃಹಿಣಿಯರಿದ್ದಾರೆ. ಅಮೆರಿಕದ ಸಿಯಾಟಲ್ ಎಂಬ ಊರಿನಲ್ಲಿ ಗೇಬ್ರಿಯಲ್ ಕಾಂಪನಾರಿಯೋ ಎಂಬ ಪತ್ರಿಕಾ ಚಿತ್ರಕಾರ 2007ರಲ್ಲಿ ಆರಂಭಿಸಿದ 'ಅರ್ಬನ್ ಸ್ಕೆಚರ್ಸ್' ಎಂಬ ಬಳಗ ಈಗ ಲೋಕವನ್ನೆಲ್ಲ ಸುತ್ತಿದೆ. ಅದರ ಕಟ್ಟಲೆ ಸರಳ. ಕಣ್ಣೆದುರು ಇರುವುದನ್ನು ಅಲ್ಲೇ ಕೂತು ಬರೆಯಬೇಕು. ಫೋಟೋ ನೋಡಿಕೊಂಡು ಮನೆಯಲ್ಲಿ ಬರೆದರೆ ಲೆಕ್ಕಕ್ಕಿಲ್ಲ.

ಇದೇನೋ ಹೊಸ ಶೋಕಿ ಎಂದುಕೊಳ್ಳಬೇಡಿ. ಬೆಂಗಳೂರು ಮೈಸೂರು ರಸ್ತೆಯ ಮಟ್ಟಿಗೆ ಇದು 230 ವರ್ಷ ಹಳೆಯ ಕಸುಬು. ಪ್ಯಾಡು ಹಿಡಿದು ಬಂದವನನ್ನು ಕಂಡರೆ ಈ ರಸ್ತೆಯ ಜನ ಅನುಮಾನಪಡುವುದಕ್ಕೂ ಆ ಇತಿಹಾಸವೇ ಸಮರ್ಥನೆ ಕೊಡುತ್ತದೆ!

ಫಿರಂಗಿ ಹಿಂದೆ ಬಂದ ಪೆನ್ಸಿಲ್

1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದಾಗ ಆ ದಂಡಿನ ಜೊತೆಗೆ ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರನೂ ಬಂದ. ಸೈನ್ಯ ಬೆಟ್ಟ ಹತ್ತಿದರೆ ಈತ ಬೆಟ್ಟ ಬರೆದ. ಸೈನ್ಯ ಕೋಟೆ ಮುತ್ತಿದರೆ ಈತ ಕೋಟೆ ಬರೆದ. ಬೆಂಗಳೂರು, ಸಾವನದುರ್ಗ, ಹುತ್ರಿದುರ್ಗ, ರಾಮಗಿರಿ, ಶ್ರೀರಂಗಪಟ್ಟಣ ಹೀಗೆ ದಾರಿಯುದ್ದಕ್ಕೂ ಸ್ಥಳದಲ್ಲೇ ತೆಗೆದ ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. 'ಸ್ಥಳದಲ್ಲೇ ತೆಗೆದ ಚಿತ್ರಗಳು' ಎಂಬುದನ್ನು ಆ ಪುಸ್ತಕದ ಹೆಸರಿನಲ್ಲೇ ಸೇರಿಸಿದರು. ಮಾಲು ಅಸಲಿ ಎಂದು ಮುದ್ರೆ ಹಾಕಿದ ಹಾಗೆ.

ಈತನೊಬ್ಬನೇ ಅಲ್ಲ. ಅಲೆಕ್ಸಾಂಡರ್ ಅಲನ್ ಎಂಬ ಮದರಾಸು ದಂಡಿನ ಅಧಿಕಾರಿ, ರಾಬರ್ಟ್ ಕೋಲ್‌ಬ್ರೂಕ್ ಎಂಬ ಸರ್ವೆಯರು, ಜೇಮ್ಸ್ ಹಂಟರ್ ಎಂಬ ತೋಪಖಾನೆಯ ಲೆಫ್ಟಿನೆಂಟು, ಇವರೆಲ್ಲ ಅದೇ ಯುದ್ಧದ ಕಾಲಕ್ಕೆ ಮೈಸೂರು ಸೀಮೆಯನ್ನು ಕಾಗದಕ್ಕೆ ಇಳಿಸಿದವರು. ಅಲನ್ ಮತ್ತು ಕೋಲ್‌ಬ್ರೂಕರ ಪುಸ್ತಕಗಳೂ 1794ರಲ್ಲೇ ಹೊರಬಂದವು. ಹಂಟರ್ 1792ರಲ್ಲೇ ತೀರಿಕೊಂಡ. ಅವನು ಬಿಟ್ಟುಹೋದ ಚಿತ್ರಗಳು ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಅಚ್ಚು ಕಂಡವು. ಕ್ಯಾಮರಾ ಇಲ್ಲದ ಕಾಲ. ಕೋಟೆ ಎಷ್ಟೆತ್ತರ, ಹೊಳೆ ಎಲ್ಲಿ ದಾಟಬಹುದು, ಬೆಟ್ಟದ ಯಾವ ಮಗ್ಗುಲು ಜಾರು ಎಂದು ತಿಳಿಯಲು ಚಿತ್ರ ಬರೆಯುವ ಕೈ ದಂಡಿಗೆ ಬೇಕಿತ್ತು. ಆದ್ದರಿಂದ ಮಿಲಿಟರಿ ಅಧಿಕಾರಿಗಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಅಂದ ಮೇಲೆ "ಯಾವ ಡಿಪಾರ್ಟ್‌ಮೆಂಟ್ ಸಾರ್?" ಎಂಬ ಪ್ರಶ್ನೆ ತಪ್ಪೇನಲ್ಲ!

1792ರ ಫೆಬ್ರವರಿಯಲ್ಲಿ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಬೇಕಾಯಿತು. ಆ ಪ್ರಸಂಗವನ್ನು ಹೋಮ್ ದೊಡ್ಡ ಚಿತ್ರವಾಗಿ ಬರೆದ. ಅದು ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಆನೆ, ಸಿಪಾಯಿ, ಸರದಾರರ ಆ ಗುಂಪಿನ ಒಂದು ಬದಿಯಲ್ಲಿ ಕಂಕುಳಲ್ಲಿ ಚಿತ್ರದ ಕಟ್ಟು ಇಟ್ಟುಕೊಂಡ ಒಬ್ಬ ಮನುಷ್ಯ ನಿಂತಿದ್ದಾನೆ. ಅವನೇ ಹೋಮ್. "ನಾನೂ ಅಲ್ಲಿದ್ದೆ" ಎಂದು ಸಾಕ್ಷಿ ಸಹಿ ಹಾಕಿದ ಹಾಗೆ ತನ್ನನ್ನೂ ಬರೆದುಕೊಂಡ.

ನೋಡದೆ ಬರೆದವರು

ಏಳು ವರ್ಷ ಮುಂದೆ ಬನ್ನಿ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪುವಿಗೂ ಕಾಳಗವಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಸುದ್ದಿ ಲಂಡನ್ ಮುಟ್ಟಿದ ಕೂಡಲೇ ಅಲ್ಲಿನ ಜನಕ್ಕೆ ಆ ಕೋಟೆ ನೋಡುವ ಚಪಲ ಹತ್ತಿತು. ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಚಿತ್ರಕಾರ ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಆರು ವಾರದಲ್ಲಿ ಬರೆದು 1800ರಲ್ಲಿ ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು, ಸಿನಿಮಾಕ್ಕೆ ನುಗ್ಗುವ ಹಾಗೆ ನುಗ್ಗಿ ನೋಡಿದರು. ಪೋರ್ಟರ್ ಮಾತ್ರ ಶ್ರೀರಂಗಪಟ್ಟಣ ಕಂಡವನೇ ಅಲ್ಲ!

ಟರ್ನರ್ ಎಂದರೆ ಇಂಗ್ಲೆಂಡಿನ ಮಹಾ ಚಿತ್ರಕಾರ. ಅವನೂ 1800ರ ಸುಮಾರಿಗೆ ಶ್ರೀರಂಗಪಟ್ಟಣದ ಜಲವರ್ಣ ಚಿತ್ರಗಳನ್ನು ಬರೆದ. ಅವನೂ ಇಂಡಿಯಾಕ್ಕೆ ಕಾಲಿಟ್ಟವನಲ್ಲ. ಬೇರೆಯವರ ಕೈಬರಹ ನೋಡಿ ಬರೆದದ್ದು. ಕೈಚಳಕದಲ್ಲಿ ಟರ್ನರ್ ಎಲ್ಲಿ, ಹೋಮ್ ಎಲ್ಲಿ! ಆದರೆ ಆ ಕಾಲದ ಕೋಟೆ ಗೋಡೆ ಹೇಗಿತ್ತು ಎಂದು ಈವತ್ತು ಕೇಳುವವನು ಮೊದಲು ತೆರೆಯಬೇಕಾದದ್ದು ಹೋಮ್, ಅಲನ್, ಕೋಲ್‌ಬ್ರೂಕರ ಪುಸ್ತಕ. ದೊಡ್ಡ ಕಲಾವಿದನಿಗಿಂತ ಬಿಸಿಲಲ್ಲಿ ನಿಂತ ಸಣ್ಣ ಕಲಾವಿದನ ಮಾತಿಗೆ ಸಾಕ್ಷಿಯ ತೂಕ ಜಾಸ್ತಿ.

ನೆನಪಿನಿಂದ ಉಳಿದ ಗೋಡೆ

ಹಾಗೆಂದು ನೆನಪನ್ನು ತಳ್ಳಿಹಾಕುವ ಹಾಗಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ನೋಡದ ಮಂಡ್ಯದವರು ಯಾರು? ಸ್ಕೂಲ್ ಟ್ರಿಪ್ಪಿನಲ್ಲಾದರೂ ಹೋಗಿಯೇ ಇರುತ್ತೀರಿ. 1784ರಲ್ಲಿ ಕಟ್ಟಿದ ಆ ಮಹಲಿನ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಇಂಗ್ಲಿಷ್ ಪಡೆಯನ್ನು ಸದೆಬಡಿದ ಕಥೆ ಅದು.

ಈಗ ಕಾಣುವ ಬಣ್ಣ ಪೂರ್ತಿ ಆಗಿನದಲ್ಲ. ಚಿತ್ರ ಕೆಟ್ಟಿತು, ಆಮೇಲೆ ಸುಣ್ಣವನ್ನೂ ಬಳಿದರು. 1855ರ ಹೊತ್ತಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಮತ್ತೆ ಬರೆಸುವಂತೆ ಹುಕುಂ ಮಾಡಿದ. ಹಳೆಯ ಚಿತ್ರ ಹೇಗಿತ್ತೆಂದು ನೆನಪಿಟ್ಟುಕೊಂಡಿದ್ದ ಈ ನೆಲದ ಒಬ್ಬ ಚಿತ್ರಗಾರನೇ ಅದಕ್ಕೆ ಆಧಾರವಾದ ಎಂದು ಹಳೇ ಗೆಜೆಟಿಯರ್ ಹೇಳುತ್ತದೆ. ಸುಣ್ಣದ ಹಿಂದೆ ಹೂತುಹೋಗಿದ್ದ ಕುದುರೆ, ಪಲ್ಲಕ್ಕಿ, ಮೀಸೆ, ರುಮಾಲು ಆ ಒಬ್ಬನ ತಲೆಯಲ್ಲಿ ಉಳಿದಿತ್ತು. ಡಾಲ್‌ಹೌಸಿಯ ಹೆಸರು ಎಲ್ಲ ಗೈಡ್ ಪುಸ್ತಕದಲ್ಲೂ ಇದೆ. ಆ ಚಿತ್ರಗಾರನ ಹೆಸರು ಯಾವ ಗೈಡೂ ಹೇಳುವುದಿಲ್ಲ.

ಮೈಸೂರು ಬಿಟ್ಟರೂ ಮೈಸೂರು ಬಿಡದವರು

ಮಂಡ್ಯದವರಿಗೆ ಮೈಸೂರು ಸುಮಾರು 45 ಕಿಲೋಮೀಟರು. ಕಾಲೇಜಿಗೆ, ಆಸ್ಪತ್ರೆಗೆ, ದಸರಾಕ್ಕೆ, ಮದುವೆ ಸೀರೆಗೆ ಮೈಸೂರು ಬೇಕೇ ಬೇಕು. ಇಂಥ ಮೈಸೂರನ್ನು ಗೆರೆಯಲ್ಲಿ ಹಿಡಿದು ದೇಶಕ್ಕೆಲ್ಲ ತೋರಿಸಿದಾತ ಆರ್.ಕೆ. ಲಕ್ಷ್ಮಣ್. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಹುಡುಗ ಮೊದಲು ಮನೆಯ ನೆಲ, ಗೋಡೆ, ಬಾಗಿಲಿಗೆ ಚಿತ್ರ ಬರೆದ. ಮೇಷ್ಟ್ರೊಬ್ಬರು ಆತ ಬರೆದ ಅರಳಿ ಎಲೆ ನೋಡಿ ಬೆನ್ನು ತಟ್ಟಿದ್ದೇ ತಾನು ಚಿತ್ರಕಾರ ಎಂಬ ನಂಬಿಕೆಗೆ ಕಾರಣವಾಯಿತೆಂದು ಮುಂದೆ ಆತ ಬರೆದುಕೊಂಡರು. ಬೊಂಬಾಯಿನ ಜೆ.ಜೆ. ಕಲಾಶಾಲೆ ಈ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದುತ್ತಾ, ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆಯುತ್ತಾ ಬೆಳೆದರು. ಡಾ. ಎಂ. ಶಿವರಾಂ ಅಂದರೆ 'ರಾಶಿ' ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯಪತ್ರಿಕೆಗೂ ಲಕ್ಷ್ಮಣ್ ಬರೆದರು. ಹಳೇ ಕೊರವಂಜಿ ಓದುಗರಿಗೆ ಅದನ್ನು ಹೇಳಬೇಕಾಗಿಲ್ಲ.

ಆಮೇಲೆ ಬೊಂಬಾಯಿ. ಟೈಮ್ಸ್ ಆಫ್ ಇಂಡಿಯಾದಲ್ಲಿ ಐವತ್ತು ವರ್ಷಕ್ಕೂ ಮಿಕ್ಕು ಕೆಲಸ. ಆದರೂ ಆ ಕೈಯಿಂದ ಮೈಸೂರು ಹೋಗಲಿಲ್ಲ. ಕರ್ನಾಟಕ ಸರ್ಕಾರಕ್ಕಾಗಿ ನಾರಾಯಣ್ ನಾಡು ಸುತ್ತಿ ಬರೆದ 'ದಿ ಎಮರಾಲ್ಡ್ ರೂಟ್' ಎಂಬ ಪ್ರವಾಸ ಪುಸ್ತಕ 1977ರಲ್ಲಿ ಬಂತು. ಅದಕ್ಕೆ ಚಿತ್ರ ಲಕ್ಷ್ಮಣರದೇ. 1986ರಲ್ಲಿ ಶಂಕರ್‌ನಾಗ್ ಟಿ.ವಿ.ಗೆ 'ಮಾಲ್ಗುಡಿ ಡೇಸ್' ತೆಗೆದಾಗ ಹೆಸರು ಬರುವ ಹೊತ್ತಿಗೆ ಮೂಡುತ್ತಿದ್ದ ಆ ಗೆರೆಗಳನ್ನು ನೋಡಿ "ಇದು ಅಗ್ರಹಾರದ ಹತ್ರ ಇರೋ ಮನೆ ಕಣೋ" ಎಂದು ಬೆರಳು ತೋರಿಸಿದ ಮೈಸೂರಿಗರು ಎಷ್ಟೋ! ಲಕ್ಷ್ಮಣ್ 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ನಾರಾಯಣರ ಯಾದವಗಿರಿ ಮನೆ ಕೆಡವುವ ಹಂತಕ್ಕೆ ಹೋಗಿ, ಜನ ಕೂಗೆಬ್ಬಿಸಿದ ಮೇಲೆ ಉಳಿದು, 2016ರಲ್ಲಿ ಮ್ಯೂಸಿಯಂ ಆಯಿತು.

ಬೆಂಗಳೂರಿಗೂ ಅಂಥವರಿದ್ದರು. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರು (1910-1988) ಸ್ವಾತಂತ್ರ್ಯ ಹೋರಾಟಗಾರರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು, ವಿಧಾನ ಪರಿಷತ್ತಿನ ಸದಸ್ಯರಾಗಿದ್ದವರು. ರಾಜಕೀಯದಲ್ಲಿ ಇದ್ದವರು ಸಾಮಾನ್ಯವಾಗಿ ಕುರ್ಚಿ ಹುಡುಕುತ್ತಾರೆ. ಈ ಪುಣ್ಯಾತ್ಮರು ಹೂ ಬಿಟ್ಟ ಮರ ಹುಡುಕಿದರು! ಬೆಂಗಳೂರಿನ ರಸ್ತೆ ಬದಿ, ಪಾರ್ಕುಗಳಲ್ಲಿ ಕೂತು ಕೆಂಪು, ಹಳದಿ, ನೀಲಿ ಹೂಮರಗಳನ್ನು ಕಂಡಲ್ಲೇ ಬರೆದರು. ಆಮೇಲೆ ಆ ನಗರದಲ್ಲಿ ಎಷ್ಟು ರಸ್ತೆ ಅಗಲವಾದವು, ಎಷ್ಟು ಮರ ಉರುಳಿದವು ಎಂಬುದು ಬೆಂಗಳೂರು ಬಸ್ ಹತ್ತುವವರಿಗೆಲ್ಲ ಗೊತ್ತು. ಮರದ ನೆರಳು ಹೋಯಿತು. ರುಮಾಲೆಯವರ ಹೂವು ಬಾಡಿಲ್ಲ.

ಪಾಲ್ ಫರ್ನಾಂಡಿಸ್ ಎಂಬ ವ್ಯಂಗ್ಯಚಿತ್ರಕಾರರದು ಇನ್ನೊಂದು ದಾರಿ. ಅವರು ಬರೆಯುವುದು ಅರವತ್ತು ಎಪ್ಪತ್ತರ ದಶಕದ ಬೆಂಗಳೂರು. ಆಗಿನ ಸಿನಿಮಾ ಟಾಕೀಸು, ಬೇಕರಿ, ಬಂಗಲೆ, ಸೈಕಲ್ಲು ಎಲ್ಲವೂ ಜ್ಞಾಪಕದಿಂದ ಎದ್ದು ಬರುತ್ತವೆ. ಕಣ್ಣಾರೆ ಕಂಡು ಪ್ರೀತಿಸಿದವನ ನೆನಪಾದ್ದರಿಂದ ಅದಕ್ಕೆ ಬೆಲೆ. ದರಿಯಾ ದೌಲತ್ತಿನ ಹೆಸರಿಲ್ಲದ ಚಿತ್ರಗಾರನ ವಂಶ ಎನ್ನಬಹುದು.

ಕಟ್ಟಡ ಕಾಯುವುದಿಲ್ಲ

ಇಷ್ಟೆಲ್ಲ ಪುರಾಣ ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಯಾಕೆ ಎಂದು ಕೇಳುವವರಿಗೆ ಒಂದು ಸಣ್ಣ ಪಟ್ಟಿ ಸಾಕು.

2012ರ ಆಗಸ್ಟ್: ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೇ ಪುಸ್ತಕದಂಗಡಿಗಳಿದ್ದ ಆ ಸಾಲಿಗೆ ಬೀಗ ಬಿತ್ತು. 2016ರ ಆಗಸ್ಟ್: ದೇವರಾಜ ಮಾರುಕಟ್ಟೆಯ ಒಂದು ತುದಿ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಕೋರ್ಟು ಹತ್ತಿತು. 2017: ಜೋಡಿ ರೈಲು ಹಳಿಗೆ ಅಡ್ಡವಿದೆ ಎಂದು ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು, ಸುಮಾರು ಸಾವಿರ ಟನ್ ಭಾರದ ಇಡೀ ಕಟ್ಟಡವನ್ನು, ಬುಡಸಮೇತ ಎತ್ತಿ ನೂರು ಮೀಟರಿಗೂ ದೂರ ಸರಿಸಿದರು. ಸೀಸನ್ ಪಾಸಿನವರು ದಿನಾ ಕಿಟಕಿಯಲ್ಲಿ ನೋಡುತ್ತಿದ್ದ ಕಟ್ಟಡ ಜಾಗ ಬದಲಾಯಿಸಿತು! 2023ರ ಮಾರ್ಚ್ 12: ಬೆಂಗಳೂರು ಮೈಸೂರು ದಶಪಥ ಹೆದ್ದಾರಿಯನ್ನು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಪ್ರಧಾನಿ ಉದ್ಘಾಟಿಸಿದರು. 118 ಕಿಲೋಮೀಟರು. ಮಂಡ್ಯಕ್ಕೆ ಬೈಪಾಸು, ಶ್ರೀರಂಗಪಟ್ಟಣಕ್ಕೆ ಬೈಪಾಸು, ಮದ್ದೂರಿನ ತಲೆ ಮೇಲೆ ಸೇತುವೆ.

ರಸ್ತೆ ಒಳ್ಳೆಯದೇ. ಹೊತ್ತು ಉಳಿಯಿತು, ಆಸ್ಪತ್ರೆಗೆ ಬೇಗ ತಲುಪಬಹುದು, ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕಾರುಗಳೆಲ್ಲ ಮೇಲಿನಿಂದ ಹಾರಿಹೋದ ಮೇಲೆ ಹಳೇ ರಸ್ತೆಯ ಹೋಟೆಲು, ಎಳನೀರು, ಕಬ್ಬಿನ ಹಾಲಿನ ಅಂಗಡಿಯವರ ಗಲ್ಲಾ ಪೆಟ್ಟಿಗೆ ಏನಾಯಿತು ಎಂಬುದನ್ನು ಆ ಅಂಗಡಿಯವರೇ ಹೇಳಬೇಕು. "ಮುಂಚೆ ಕೂತ್ಕೊಳ್ಳೋಕೆ ಪುರುಸೊತ್ತಿರ್ನಿಲ್ಲ, ಈಗ ಎದ್ದೇಳೋಕೆ ಕಾರಣ ಇಲ್ಲ" ಎನ್ನುವ ಹಾಗಾಯಿತು. ಬಾಗಿಲು ಹಾಕಿದ ಅಂಗಡಿಯ ಬೋರ್ಡು ನಾಳೆ ಇಳಿಯುತ್ತದೆ. ನಾಡಿದ್ದು ಗೋಡೆ ಹೋಗುತ್ತದೆ. ಅಲ್ಲೊಂದು ಅಂಗಡಿ ಇತ್ತು, ಅದರ ಮುಂದೆ ಬೇವಿನ ಮರ ಇತ್ತು, ಬೆಂಚಿನ ಮೇಲೆ ಜನ ಪೇಪರ್ ಓದುತ್ತಿದ್ದರು ಎಂಬುದಕ್ಕೆ ದಾಖಲೆ ಎಲ್ಲಿ?

ಅರಮನೆಗೆ ದಾಖಲೆ ಇದೆ, ಕೋಟೆಗೆ ಇದೆ. ಪೇಟೆ ಬೀದಿಗೆ ಇಲ್ಲ.

ಏನು ಬರೆಯಬೇಕು?

ಮಳವಳ್ಳಿ ತಾಲ್ಲೂಕಿಗೆ ಬರುವ ಚಿತ್ರಕಾರರೆಲ್ಲ ನೇರ ಗಗನಚುಕ್ಕಿಗೆ ಹೋಗುತ್ತಾರೆ. ಶಿವನಸಮುದ್ರದ ನೀರು ಚಿತ್ರಕ್ಕೆ ಲಾಯಕ್ಕು, ಸರಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ದೂ ಅದರಿಂದಲೇ. ಆದರೆ ಆ ಹೊಳೆಯ ದಾರಿಯಲ್ಲಿ ಮಳವಳ್ಳಿ ಎಂಬ ಊರೂ ಒಂದಿದೆ. ಅದರ ಬಸ್ ಸ್ಟ್ಯಾಂಡು, ಸಂತೆ, ಕೆರೆ ಏರಿ ಯಾರ ಪ್ಯಾಡಿನಲ್ಲಿದೆ? ಗಗನಚುಕ್ಕಿ ಇನ್ನೂ ನೂರು ವರ್ಷ ಧುಮುಕುತ್ತದೆ. ಬಸ್ ಸ್ಟ್ಯಾಂಡಿನ ಮೂಲೆಯ ಹೂವಿನ ಅಂಗಡಿ ಅಷ್ಟು ದಿನ ಇರುವುದಿಲ್ಲ.

ಮದ್ದೂರೆಂದರೆ ವಡೆ. ರೈಲಿನ ಜೊತೆಗೆ ಹೆಸರು ಮಾಡಿದ ತಿಂಡಿ ಅದು. ಅದನ್ನು ತಿಂದವರು ಲಕ್ಷಾಂತರ, ಸ್ಟೇಷನ್ನನ್ನು ಬರೆದವರು ಬೆರಳೆಣಿಕೆ. ಶಿಂಷಾ ಹೊಳೆಯ ಹಳೇ ಸೇತುವೆ ಇದೆ, ಉಗ್ರನರಸಿಂಹನ ಗುಡಿ ಇದೆ, ಲಾರಿಗಟ್ಟಲೆ ಕಾಯಿ ದೇಶಾವರ ಹೋಗುವ ಎಳನೀರು ಮಾರುಕಟ್ಟೆ ಇದೆ. 1938ರ ಏಪ್ರಿಲ್‌ನಲ್ಲಿ ಬಾವುಟ ಹಾರಿಸಿದ ಶಿವಪುರದ ಸತ್ಯಾಗ್ರಹ ಸೌಧ ಇದೆ. ಮಂಡ್ಯದಲ್ಲಿ 1933ರ ಸಕ್ಕರೆ ಕಾರ್ಖಾನೆಯ ಹೊಗೆ ಕೊಳವೆ ಇದೆ, ಕಬ್ಬಿನ ಗಾಡಿ ಇದೆ, ಊರಾಚೆ ಆಲೆಮನೆಯ ಕೊಪ್ಪರಿಗೆ ಇದೆ, ಹಳೇ ಪೇಟೆಯ ಹೆಂಚಿನ ಮಾಡು ಅಲ್ಲಲ್ಲಿ ಇನ್ನೂ ಉಳಿದಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಬೆಳೆದ ಊರು ಇದು. ಆ ಬೆಳವಣಿಗೆಯ ಮೊದಲ ಗೆರೆಗಳು ಕಣ್ಣೆದುರೇ ಅಳಿಸಿಹೋಗುತ್ತಿವೆ.

"ಮೊಬೈಲಲ್ಲಿ ಫೋಟೋ ಹೊಡ್ಕೊಂಡ್ರೆ ಆಯ್ತಪ್ಪ, ಬರೆಯೋದ್ಯಾಕೆ?" ಎಂಬ ಮಾತು ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟು. ಫೋಟೋ ಹೊಡೆಯಲು ಒಂದು ಕ್ಷಣ ಸಾಕು, ಹೊಡೆದವನು ಮರುಕ್ಷಣ ಹೊರಟುಹೋಗುತ್ತಾನೆ. ಆ ಫೋಟೋ ಸಾವಿರ ಫೋಟೋಗಳ ನಡುವೆ ಮುಳುಗಿ, ಮೊಬೈಲ್ ಕೆಟ್ಟ ದಿನ ಅದೂ ಹೋಗುತ್ತದೆ. ಬರೆಯುವವನು ಒಂದು ಗಂಟೆ ಕೂರಬೇಕು. ಕೂತವನ ಹತ್ತಿರ ಜನ ಬಂದು ಮಾತಾಡುತ್ತಾರೆ. "ಈ ಕಟ್ಟೆ ನಮ್ಮ ತಾತ ಕಟ್ಸಿದ್ದು", "ಅಲ್ಲೊಂದು ಬಾವಿ ಇತ್ತು, ಮುಚ್ಚುಬುಟ್ರು" ಎಂದು ಒಬ್ಬೊಬ್ಬರೂ ಒಂದೊಂದು ತುಂಡು ಕೊಡುತ್ತಾರೆ. ಚಿತ್ರದ ಜೊತೆಗೆ ಊರಿನ ಕಥೆಯೂ ಕೂಡಿಬರುತ್ತದೆ.

ಹೇಗೆ ಬರೆಯಬೇಕು?

ಸಾಮಾನು ಹೆಚ್ಚೇನೂ ಬೇಡ. ರಟ್ಟು ಗಟ್ಟಿಯಿರುವ ಒಂದು ಪುಸ್ತಕ, ಒಂದು ಪೆನ್ಸಿಲು, ನೀರಿಗೆ ಹರಡದ ಶಾಯಿಯ ಒಂದು ಪೆನ್ನು. ಬಣ್ಣ ಬೇಕೆಂದರೆ ಶಾಲೆ ಮಕ್ಕಳ ಬಣ್ಣದ ಡಬ್ಬಿ, ಒಂದು ಬಾಟಲಿ ನೀರು. ಮೊದಲು ನೆರಳು ನೋಡಿ ಕೂರಬೇಕು, ಅಂಗಡಿಯವರ ಬಾಗಿಲಿಗೆ ಅಡ್ಡ ಆಗಬಾರದು. ಕಣ್ಣಿನ ಮಟ್ಟಕ್ಕೆ ಒಂದು ತೆಳು ಗೆರೆ. ಆಮೇಲೆ ದೊಡ್ಡ ಆಕಾರಗಳು: ಮಾಡು, ಗೋಡೆ, ಮರ. ಕೊನೆಗೆ ಸಣ್ಣವು: ಬೋರ್ಡು, ತೂಗುಹಾಕಿದ ಬಾಳೆಗೊನೆ, ಸೈಕಲ್ಲು. ಮನುಷ್ಯರು ನಿಲ್ಲುವುದಿಲ್ಲ, ಅವರನ್ನು ಎರಡು ಮೂರು ಗೆರೆಯಲ್ಲಿ ಹಿಡಿದುಬಿಡಬೇಕು. ನಿಂತ ಬಸ್ಸನ್ನು ನಂಬಿ ಆರಂಭಿಸಬಾರದು, ಕಂಡಕ್ಟರ್ "ರೈಟ್!" ಅಂದರೆ ಅರ್ಧ ಚಿತ್ರ ಹೊರಟುಹೋಗುತ್ತದೆ!

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು: ಮೂಲೆಯಲ್ಲಿ ಊರು, ಬೀದಿ, ತಾರೀಕು ಬರೆಯಬೇಕು. ತಾರೀಕಿಲ್ಲದ ಚಿತ್ರ ಬರೀ ಅಂದ. ತಾರೀಕಿದ್ದರೆ ದಾಖಲೆ.

ಕೈ ಪಳಗಿಸಿಕೊಳ್ಳುವವರಿಗೆ ದಾರಿ ದೂರವಿಲ್ಲ. ಮೈಸೂರಿನ ಚಾಮರಾಜೇಂದ್ರ ಕಲಾಶಾಲೆ ಅಂದರೆ 'ಕಾವಾ' ಒಂದೂವರೆ ಗಂಟೆಯ ದಾರಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಮುಂದೆ ಕುಮಾರಕೃಪಾ ರಸ್ತೆಯಲ್ಲಿ ಹೊಸ ವರ್ಷದ ಆರಂಭದಲ್ಲಿ ಚಿತ್ರಸಂತೆ ಕೂಡುತ್ತದೆ, ರೈಲಿನಲ್ಲಿ ಹೋಗಿ ರೈಲಿನಲ್ಲೇ ಬರಬಹುದು. ಊರೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಿದ್ದರೆ, ಹೂದಾನಿ, ಬಾಳೆಹಣ್ಣು ಬರೆಸುವ ಬದಲು ತಿಂಗಳಿಗೊಂದು ದಿನ ಮಕ್ಕಳನ್ನು ಪೇಟೆ ಬೀದಿಗೆ ಕರೆತಂದರೆ ಖರ್ಚೇನು? ಪುರಸಭೆಯವರು ವರ್ಷಕ್ಕೊಮ್ಮೆ ಆ ಚಿತ್ರಗಳನ್ನು ತಮ್ಮ ಸಭಾಂಗಣದ ಗೋಡೆಗೆ ಹಾಕಿ, ಆಮೇಲೆ ಊರ ಲೈಬ್ರರಿಯ ಬೀರುವಿಗೆ ಸೇರಿಸಿದರೆ ಹತ್ತು ವರ್ಷದಲ್ಲಿ ಊರಿನದೇ ಒಂದು ಆಲ್ಬಂ ತಯಾರು. ಹೋಮ್ ಬಂದದ್ದು ಕೋಟೆ ಒಡೆಯುವವರ ಜೊತೆ. ಈ ಮಕ್ಕಳು ಬರೆಯುವುದು ತಮ್ಮದೇ ಬೀದಿ.

ಅಂಗಡಿಯವರಿಗೆ ಒಂದೇ ಕೋರಿಕೆ. ನಾಳೆ ಯಾರಾದರೂ ಪ್ಯಾಡು ಹಿಡಿದು ಎದುರಿಗೆ ನಿಂತರೆ ಮೊದಲು ಕೂರಲು ಒಂದು ಸ್ಟೂಲು ಕೊಡಿ, ಆಮೇಲೆ ಡಿಪಾರ್ಟ್‌ಮೆಂಟ್ ಕೇಳಿ. ಬೋರ್ಡಿನಲ್ಲಿರುವ ನಿಮ್ಮ ತಂದೆಯವರ ಹೆಸರಿನ ಅಕ್ಷರ ತಪ್ಪಿಲ್ಲದೆ ಬಂದಿದೆಯೇ ಎಂದು ನೋಡಿ. ರಸ್ತೆ ಇನ್ನೊಂದು ಸಲ ಅಗಲವಾದ ಮೇಲೆ ಮೊಮ್ಮಕ್ಕಳಿಗೆ ತೋರಿಸಲು ಆ ಒಂದು ಹಾಳೆಯೇ ಗತಿಯಾದರೂ ಆಗಬಹುದು.